ಒಂದಡಿಯ ಮೂಗು, ಐದಡಿಯ ಮೂಗು

16 ನವೆಂಬರ್ 2025, ಭಾನುವಾರ

ಬೆಳಗ್ಗೆ ಮುಕ್ಕಾಲು ಗಂಟೆಯಾದರೂ ಬಚ್ಚಲಮನೆಯ ಬಾಗಿಲು ತೆರೆಯಲಿಲ್ಲ. ನೀರಿನ ಸದ್ದೂ ಇಲ್ಲ. ಕದ ತಟ್ಟಿದ ಮೇಲೆ ಮಗಳು ಹೊರಬಂದಳು. ಕೈಯಲ್ಲಿ ಫೋನು, ಕಣ್ಣು ಕೆಂಪು. ಗ್ಯಾಲರಿಯಲ್ಲಿ 41 ಸೆಲ್ಫಿ, ಎಲ್ಲದರಲ್ಲೂ ಅದೇ ಮುಖ, ತುಸು ತುಸು ಓರೆ. ಒಂದನ್ನೂ ಎಲ್ಲೂ ಹಾಕಿಲ್ಲ.

"ನೋಡಮ್ಮ, ಮುಖದ ತುಂಬ ಮೂಗೇ ಇದೆ."

"ಚೆನ್ನಾಗೇ ಇದೀಯ, ಸುಮ್ನಿರೇ" ಅಂದೆ. 

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀನೇ ಹೇಳ್ತಿರ್ತೀಯಲ್ಲ" ಎಂದು ನನ್ನ ಗಾದೆಯನ್ನು ನನಗೇ ತಿರುಗಿಸಿದಳು. ಹದಿನೈದರ ವಯಸ್ಸು, ಮಾತಿಗೆ ಬರವಿಲ್ಲ.

ಎಲ್ಲೋ ಓದಿದ್ದು ನೆನಪಾಗಿ ಅಳತೆ ಟೇಪು ಹುಡುಕಿ ತಂದೆ. ಐದಡಿ ದೂರದಿಂದ ತೆಗೆದ ಫೋಟೊಕ್ಕಿಂತ ಹನ್ನೆರಡು ಇಂಚಿನ ಸೆಲ್ಫಿಯಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ ಎಂದು 2018ರಲ್ಲಿ ಪ್ಲಾಸ್ಟಿಕ್ ಸರ್ಜರಿ ವೈದ್ಯರೇ ಲೆಕ್ಕ ಹಾಕಿ ತೋರಿಸಿದ್ದರು. ಫೋನು ಅಷ್ಟು ಹತ್ತಿರವಿದ್ದಾಗ, ಕಿವಿಗಿಂತ ಮುಂದಿರುವ ಮೂಗು ಉಬ್ಬಿ ಕಾಣುತ್ತದೆ, ಅಷ್ಟೆ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಎರಡೂ ದೂರದಿಂದ ತೆಗೆದೆವು. ಮುಖ ಒಂದೇ ಅಳತೆಗೆ ಬರುವ ಹಾಗೆ ಕ್ರಾಪ್ ಮಾಡಿ ಪಕ್ಕಪಕ್ಕ ಇಟ್ಟೆವು. ಒಂದಡಿಯದರಲ್ಲಿ ಕಿವಿಗಳು ಕೆನ್ನೆಯ ಹಿಂದೆ ಅಡಗಿದ್ದವು. ಐದಡಿಯದರಲ್ಲಿ ಎರಡೂ ಓಲೆ ಕಾಣುತ್ತಿದ್ದವು. ಅವಳು ಬಹಳ ಹೊತ್ತು ನೋಡಿದಳು.

ಗೆದ್ದೆ ಅಂದುಕೊಂಡು ನಾನು ಭಾಷಣಕ್ಕಿಳಿದೆ, ಅದೇ ತಪ್ಪಾಯಿತು. ಮೂವರು ಹದಿಹರೆಯದ ಹುಡುಗಿಯರಲ್ಲಿ ಒಬ್ಬಳಿಗೆ ತನ್ನ ಮೈಯ ಬಗ್ಗೆ ಇರುವ ಕೊರಗನ್ನು ತಾವು ಹೆಚ್ಚಿಸುತ್ತಿದ್ದೇವೆ ಎಂದು ಇನ್‌ಸ್ಟಾಗ್ರಾಂ ಕಂಪನಿಯವರೇ ಒಳಗೊಳಗೆ ಬರೆದುಕೊಂಡಿದ್ದು, 2021ರಲ್ಲಿ ಅದು ಸೋರಿಕೆಯಾಗಿದ್ದು, ಆಸ್ಟ್ರೇಲಿಯದಲ್ಲಿ ಬರುವ ಡಿಸೆಂಬರ್ 10ರಿಂದ ಹದಿನಾರು ತುಂಬದವರಿಗೆ ಖಾತೆಯೇ ಇಲ್ಲ ಅನ್ನುವುದು, ಎಲ್ಲ ಒಂದೇ ಉಸಿರಿಗೆ.

"ಸದ್ಯ, ನಾವು ಅಲ್ಲಿಲ್ಲ" ಅಂದಳು. ಆಮೇಲೆ ಮೆಲ್ಲಗೆ, "ಅಮ್ಮಾ, ನಮ್ಮ ಕ್ಲಾಸಿನವರೆಲ್ಲ ನನ್ನನ್ನ ನೋಡೋದು ಈ ಒಂದಡಿ ಫೋಟೊದಲ್ಲೇ ಅಲ್ವಾ? ಐದಡಿ ದೂರ ನಿಂತು ಯಾರು ನೋಡ್ತಾರೆ?"

ಉತ್ತರ ಹೊಳೆಯಲಿಲ್ಲ. ಶಾಲೆಯಲ್ಲಿ ದಿನಾ ನೋಡುವುದಿಲ್ಲವೇ ಅನ್ನಬಹುದಿತ್ತು. ಆದರೆ ಅಲ್ಲಿ ನೋಡಿದವರು ಲೈಕ್ ಒತ್ತುವುದಿಲ್ಲವಲ್ಲ.

ಏಳುವಾಗ ಇನ್ನೊಂದು ಮಾತು ಬಿಟ್ಟಳು: "ಮೊನ್ನೆ ಮದುವೆ ಫೋಟೊದಲ್ಲಿ ತೋಳು ದಪ್ಪ ಕಾಣ್ತಿದೆ, ಕಟ್ ಮಾಡಿಕೊಡು ಅಂದಿದ್ದು ಯಾರು?"

ನಾನೇ. ಅವಳ ಕೈಯಲ್ಲೇ ಮಾಡಿಸಿ ಸ್ಟೇಟಸ್‌ಗೆ ಹಾಕಿಕೊಂಡಿದ್ದೆ, ಎಷ್ಟು ಜನ ನೋಡಿದರೆಂದು ಆಗಾಗ ತೆಗೆದು ನೋಡಿಯೂ ಇದ್ದೆ.

ರಾತ್ರಿ ಅವಳ ಕೋಣೆಯ ದೀಪ ಆರಿದ ಮೇಲೆ ಆ ಫೋಟೊ ತೆಗೆದೆ. ನನ್ನ ತೋಳು ಕತ್ತರಿಸಹೋಗಿ, ಪಕ್ಕದಲ್ಲಿ ಒತ್ತಿಕೊಂಡು ನಿಂತಿದ್ದ ಅವಳ ಅರ್ಧ ಮುಖವೂ ಹೋಗಿದೆ.