ಫಿಯಟ್‌ನ ಹೊಟ್ಟೆಯೊಳಗಿನ ತುಕ್ಕು

ದೊಡ್ಡಪ್ಪನ ಫಿಯಟ್ 1100 ಡಿಲೈಟ್ ಈಗ ನನ್ನ ಸುಪರ್ದಿಯಲ್ಲಿದೆ. 1968ರ ಗಾಡಿ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಕಟ್ಟಿದ್ದು. ಮುಂದೆ ಪದ್ಮಿನಿ ಅಂತ ಹೆಸರು ಪಡೆದದ್ದೂ ಇದೇ ಗಾಡಿ. ಸ್ಟೀರಿಂಗ್ ಪಕ್ಕದಲ್ಲೇ ಗೇರ್, 1089 ಸಿಸಿ ಎಂಜಿನ್. ತುಮಕೂರಿನ ಮನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ಸುಮ್ನೆ ನಿಂತಿತ್ತು. ಬ್ರೇಕು, ವೈರಿಂಗು, ಕಾರ್ಬ್ಯುರೇಟರ್ ಎಲ್ಲ ಒಂದೊಂದಾಗಿ ದಾರಿಗೆ ಬಂದ ಮೇಲೂ ಒಂದು ತಕರಾರು ಉಳಿದಿತ್ತು. ಗಾಡಿ ಹೀಟ್ ಆಗುತ್ತಿತ್ತು. ಊರೊಳಗೆ ಓಡಾಡಿದರೆ ಏನೂ ಇಲ್ಲ. ದೇವರಾಯನದುರ್ಗದ ಏರು ಹತ್ತಿಸಿದರೆ ಸಾಕು, ಅರ್ಧ ದಾರಿಗೇ ಮುಳ್ಳು ಕೆಂಪಿಗೆ ಹೋಗುತ್ತಿತ್ತು.

ಒಂದು ಭಾನುವಾರ ಮೇಸ್ತ್ರಿಯವರನ್ನು ಮನೆಗೇ ಕರೆಸಿದೆ. ವಯಸ್ಸಾದವರು. ಈ ಗಾಡಿಗಳು ಹೊಸದಾಗಿ ರಸ್ತೆಯಲ್ಲಿದ್ದಾಗಿನಿಂದ ಇವುಗಳ ಮೇಲೆ ಕೈಯಾಡಿಸಿದವರು. ಕೂಲೆಂಟ್ ಅಂದರೆ ಎಂಜಿನ್ ತಣಿಸುವ ನೀರಿಗೆ ಬೆರೆಸುವ ದ್ರವ, ನೀರು ಹೆಪ್ಪುಗಟ್ಟುವುದನ್ನೂ ತುಕ್ಕನ್ನೂ ತಡೆಯುತ್ತದೆ. ನಾನು ಅದರ ಮಾತೆತ್ತಿದ ಕೂಡಲೇ ಅವರು ಕೇಳಿದ್ದು ಇಷ್ಟು: "ನಮ್ ಕಡೆ ಎಲ್ಲಿ ಸ್ವಾಮಿ ಐಸ್ ಬೀಳುತ್ತೆ? ನಿಮ್ ದೊಡ್ಡಪ್ಪೋರು ಬರೀ ನೀರಲ್ಲೇ ಓಡಿಸಿದ್ರಲ್ವಾ?"

ನಿಜ, ದೊಡ್ಡಪ್ಪ ಬರೀ ನೀರಿನಲ್ಲೇ ಓಡಿಸಿದ್ದರು. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನೂ ಹೇಳಿದರು, "ವಾರಕ್ಕೊಂದ್ಸಲ ತಪ್ಪದೆ ನೀರು ಹಾಕ್ತಿದ್ರು ಕಣಪ್ಪ, ಬೆಳಗ್ಗೆ ಎದ್ದು ಬಾನೆಟ್ ತೆಗೆಯೋದೇ ಅವರ ಕೆಲ್ಸ." ಆ ನೀರು ಬರುತ್ತಿದ್ದದ್ದು ಹಿತ್ತಲಿನ ಬೋರ್‌ವೆಲ್ಲಿನಿಂದ. ತುಮಕೂರು ಕಡೆಯ ಬೋರ್ ನೀರು ಎಷ್ಟು ಗಡಸು ಅಂತ ಇಲ್ಲಿ ಸಂಸಾರ ಮಾಡಿದವರಿಗೆ ಗೊತ್ತು. ಬಚ್ಚಲ ಹಂಡೆಯ ತಳದಲ್ಲಿ ಕೂರುವ ಬಿಳೀ ಪದರ ಇದೆಯಲ್ಲ, ಅದೇ ಸುಣ್ಣದಂಶ ಎಂಜಿನ್ನಿನೊಳಗೂ ಕೂರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ಮತ್ತೆ ನೀರು ಹಾಕಿದರೆ ಮತ್ತಷ್ಟು ಉಪ್ಪು. ಅಷ್ಟೇ ಅಲ್ಲ, ಪ್ರತಿಸಲ ಹೊಸ ನೀರಿನ ಜೊತೆ ಅದರಲ್ಲಿ ಕರಗಿದ ಗಾಳಿಯೂ ಒಳಗೆ ಹೋಗುತ್ತದೆ. ಬ್ಲಾಕು, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್ನಿನ ಮೈ, ಬೀಡುಕಬ್ಬಿಣದ್ದು. ಕಬ್ಬಿಣ, ನೀರು, ಗಾಳಿ ಮೂರೂ ಸೇರಿದ ಕಡೆ ತುಕ್ಕು ಹಿಡಿಯದೆ ಇನ್ನೇನಾದೀತು? ಗಾಡಿಯ ಮೇಲಿನ ಪ್ರೀತಿಯಿಂದ ದೊಡ್ಡಪ್ಪ ಮಾಡುತ್ತಿದ್ದ ಆ ಕೆಲಸವೇ ಎಂಜಿನ್ನಿಗೆ ಒಳಗೊಳಗೇ ಕೇಡಾಗಿತ್ತು. ಆಗ ಈ ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು ಅನ್ನೋದೂ ಅಷ್ಟೇ ನಿಜ.

ಎಂಜಿನ್ ಪೂರ್ತಿ ತಣ್ಣಗಿತ್ತು. ರೇಡಿಯೇಟರ್ ಕೆಳಗಿನ ನಲ್ಲಿ ತಿರುಗಿಸಿದೆವು. ಒಂದು ಹನಿಯೂ ಬೀಳಲಿಲ್ಲ. ನಲ್ಲಿಯ ಬಾಯಿಗೇ ಕೆಸರು ಕಟ್ಟಿತ್ತು. ಮೇಸ್ತ್ರಿ ತಂತಿ ತೂರಿಸಿ ಕೆದಕಿದ ಮೇಲೆ ಮೊದಲು ಗಟ್ಟಿ ರಾಡಿ, ಆಮೇಲೆ ಕಂದು ನೀರು ಬಂತು. ಬ್ಲಾಕಿನ ಪಕ್ಕದ ಡ್ರೈನ್ ಬಿಚ್ಚಿದಾಗ ಬಂದದ್ದು ಇನ್ನೂ ಕೆಟ್ಟದಾಗಿತ್ತು. ಬಹಳ ಜನ ರೇಡಿಯೇಟರ್ ನೀರು ಮಾತ್ರ ಬಿಟ್ಟು, ಬ್ಲಾಕಿನ ಡ್ರೈನ್ ಮುಟ್ಟುವುದೇ ಇಲ್ಲ. ಹೂಳು ಕೂರುವುದು ಅಲ್ಲಿ, ಸಿಲಿಂಡರ್‌ಗಳ ಸುತ್ತಲಿನ ಜಾಗದ ತಳದಲ್ಲಿ. ಅಲ್ಲಿ ನೀರು ಸರಿಯಾಗಿ ಹರಿಯದಿದ್ದರೆ ಆ ಸಿಲಿಂಡರ್ ಬೇಯುತ್ತಿರುತ್ತದೆ, ಮೀಟರ್ ಮಾತ್ರ ಎಲ್ಲ ಸರಿಯಿದೆ ಅಂತ ತೋರಿಸುತ್ತಿರುತ್ತದೆ.

ಆ ರಾಡಿಯನ್ನು ಒಂದು ಹಳೆ ತಟ್ಟೆಯಲ್ಲಿ ಬಿಸಿಲಿಗಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಒಣಗಿ ಪುಡಿಯಾಯಿತು. ಸ್ಪೀಕರಿನಿಂದ ಕಿತ್ತ ಆಯಸ್ಕಾಂತ ಹತ್ತಿರ ತಂದಾಗ ಕಪ್ಪು ಪುಡಿಯೆಲ್ಲ ಸರಕ್ಕನೆ ಎದ್ದು ಅಂಟಿಕೊಂಡಿತು. ಕೆಂಪು ಪುಡಿ ಹೆಚ್ಚುಕಡಿಮೆ ತಟ್ಟೆಯಲ್ಲೇ ಉಳಿಯಿತು. ಗಾಳಿ ಧಾರಾಳವಾಗಿ ಸಿಕ್ಕ ಕಡೆ ಕೆಂಪು ತುಕ್ಕು, ಗಾಳಿ ಕಮ್ಮಿ ಇದ್ದ ಕಡೆ ಕಪ್ಪು ತುಕ್ಕು. ಎರಡೂ ನಮ್ಮ ಬ್ಲಾಕಿನಿಂದಲೇ ಕರಗಿ ಬಂದ ಕಬ್ಬಿಣ. ಮೇಸ್ತ್ರಿ ಆ ಆಯಸ್ಕಾಂತವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. "ಇಷ್ಟೂ ಎಂಜಿನ್ನಿಂದೇನಾ?" ಅಂದರು. ಐಸ್ ಮಾತು ಆಮೇಲೆ ಬರಲಿಲ್ಲ.

ಈ ಎಂಜಿನ್ನಿನಲ್ಲಿ ತುಕ್ಕಿನ ಜೊತೆ ಇನ್ನೊಂದು ತೊಂದರೆಯೂ ಇದೆ. ಬ್ಲಾಕ್ ಕಬ್ಬಿಣ, ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ ಅಲ್ಯುಮಿನಿಯಂ, ರೇಡಿಯೇಟರ್ ತಾಮ್ರ ಹಿತ್ತಾಳೆ, ಅದರ ಬೆಸುಗೆ ಸೀಸ ತವರದ್ದು. ಇಷ್ಟೂ ಲೋಹ ಒಂದೇ ನೀರಿನಲ್ಲಿ ಮುಳುಗಿರುತ್ತವೆ. ನೀರಿನಲ್ಲಿ ಉಪ್ಪಿನಂಶ ಇದ್ದಷ್ಟೂ ಲೋಹದಿಂದ ಲೋಹಕ್ಕೆ ಸಣ್ಣಗೆ ಕರೆಂಟ್ ಹರಿಯುತ್ತದೆ. ಅದರಲ್ಲಿ ಸವೆಯುವುದು ಪಾಪದ ಅಲ್ಯುಮಿನಿಯಂ. ಮೇಲಿನ ಹೋಸ್ ಬಿಚ್ಚಿ ಬೆರಳಿಂದ ಒರೆಸಿದಾಗ, ಹೆಡ್‌ನಿಂದ ನೀರು ಹೊರಬರುವ ಬಾಯಿಯ ಅಂಚಿನಲ್ಲಿ ಸಣ್ಣ ಸಣ್ಣ ಕುಳಿಗಳು ಕೈಗೆ ಸಿಕ್ಕವು. ಹೋಸಿನ ಕ್ಲಾಂಪ್ ಎಷ್ಟು ಬಿಗಿದರೂ ಅಲ್ಲಿ ನೀರು ಜಿನುಗುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಹಳೆ ಅಂಬಾಸಿಡರ್ ಎಂಜಿನ್ನಿನ ಹೆಡ್ಡೂ ಬೀಡುಕಬ್ಬಿಣದ್ದೇ. ಹಾಗಾಗಿ ಅದು ಇಂಥ ನೀರನ್ನು ಹೆಚ್ಚು ತಡೆದುಕೊಳ್ಳುತ್ತದೆ. ಫಿಯಟ್ಟಿಗೆ ಆ ತಾಳ್ಮೆ ಇಲ್ಲ.

ತೊಳೆಯುವ ವಿಷಯದಲ್ಲಿ ನಾನು ಹಠ ಹಿಡಿದೆ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಐದೇ ನಿಮಿಷದಲ್ಲಿ ಕ್ಲೀನ್ ಮಾಡುತ್ತೇವೆ ಅನ್ನುವವರು ಇದ್ದಾರೆ. ಕಾಸ್ಟಿಕ್ ಸೋಡಾ ಹಾಕುವವರೂ ಇದ್ದಾರೆ. ಎರಡೂ ಅಲ್ಯುಮಿನಿಯಮ್ಮನ್ನು ತಿನ್ನುತ್ತವೆ. ಕಾಸ್ಟಿಕ್ ಅಂತೂ ನೋಡನೋಡುತ್ತಲೇ ಕರಗಿಸಿಬಿಡುತ್ತದೆ. ನಾವು ಹಾಕಿದ್ದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಬಿಸಿನೀರಿನಲ್ಲಿ ತೆಳ್ಳಗೆ ಕರಗಿಸಿ, ತುಂಬಿಸಿ, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಆರಿದ ಮೇಲೆ ಹೊರಗೆ ಹರಿಸಿದೆವು. ಇದು ಸೌಮ್ಯವಾದರೂ ಆಸಿಡ್ಡೇ. ರಾತ್ರಿಯಿಡೀ ಒಳಗೆ ಬಿಡಬಾರದು. ಆಮೇಲೆ ಅಡಿಗೆ ಸೋಡಾ ಕರಗಿಸಿದ ನೀರು, ಆಮೇಲೆ ಬರೀ ನೀರು, ಬಣ್ಣ ತಿಳಿಯಾಗುವವರೆಗೂ. ಹೀಟ್ ಆದ ಎಂಜಿನ್ನಿಗೆ ತಣ್ಣೀರು ಸುರಿಯದೆ ಪ್ರತಿಸಲ ಕಾಯಬೇಕಿತ್ತು. ಹಾಗಾಗಿ ಇದಕ್ಕೇ ದಿನದ ಬಹುಪಾಲು ಹೋಯಿತು. ದೊಡ್ಡಮ್ಮ ಊಟಕ್ಕೆ ಕರೆದು ಕರೆದು ಸುಸ್ತಾದರು.

ರೇಡಿಯೇಟರನ್ನು ಮಾತ್ರ ಬಿಚ್ಚಿ ರೇಡಿಯೇಟರ್ ಅಂಗಡಿಗೆ ಕೊಟ್ಟೆವು. ಹಳೆ ಹಿತ್ತಾಳೆ ರೇಡಿಯೇಟರಿನ ದೊಡ್ಡ ಗುಣ ಅಂದರೆ ಅದನ್ನು ರಿಪೇರಿ ಮಾಡಬಹುದು. ಬೆಸುಗೆ ಕಾಯಿಸಿ ಮೇಲಿನ ಟ್ಯಾಂಕ್ ಬಿಚ್ಚುತ್ತಾರೆ. ಒಂದೊಂದೇ ಕೊಳವೆಗೆ ಚಪ್ಪಟೆ ಕಡ್ಡಿ ತೂರಿಸಿ ಕೆರೆಯುತ್ತಾರೆ. ಮತ್ತೆ ಬೆಸೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಬಿಟ್ಟು ಗುಳ್ಳೆ ಬರುತ್ತದಾ ನೋಡುತ್ತಾರೆ. ಈಗಿನ ಪ್ಲಾಸ್ಟಿಕ್ ಟ್ಯಾಂಕಿನವನ್ನು ಹೀಗೆ ಮಾಡೋಕಾಗಲ್ಲ, ಎಸೆಯೋದೇ. ನಮ್ಮ ರೇಡಿಯೇಟರ್‌ನ ಟ್ಯಾಂಕ್ ಬಿಚ್ಚಿದಾಗ ಬದಿಯ ಕೊಳವೆಗಳ ಬಾಯಿ ಕಾಣಿಸುತ್ತಲೇ ಇರಲಿಲ್ಲ, ಸುಣ್ಣ ಅಷ್ಟು ಮೆತ್ತಿತ್ತು. ಕೆಲಸದ ಹುಡುಗ ಕಡ್ಡಿ ತೂರಿಸಿ ಎಳೆದಾಗೆಲ್ಲ ಬೂದು ಬಣ್ಣದ ಚೂರುಗಳು ಉದುರುತ್ತಿದ್ದವು.

ಇನ್ನು ಕೂಲೆಂಟ್. ಅಂಗಡಿಯಲ್ಲಿ ಹಸಿರು, ಕೆಂಪು, ನೀಲಿ, ಕಿತ್ತಳೆ ಎಲ್ಲ ಇರುತ್ತವೆ. ಬಣ್ಣ ನೋಡಿ ತಗೊಳ್ಳೋದು ಸರಿಯಲ್ಲ, ಬಣ್ಣಕ್ಕೆ ಯಾವ ಕಟ್ಟುಪಾಡೂ ಇಲ್ಲ. ಡಬ್ಬಿಯ ಹಿಂದೆ ಐಎಸ್ 5759 ಅಥವಾ ಜಪಾನಿನ ಕೆ 2234ನಂಥ ಗುಣಮಟ್ಟದ ಗುರುತು ಇದೆಯಾ, ಒಳಗಿನ ತುಕ್ಕು ತಡೆಯುವ ರಸಾಯನ ಯಾವ ಜಾತಿಯದು ಅಂತ ನೋಡಬೇಕು. ಜಾತಿ ಮುಖ್ಯವಾಗಿ ಎರಡು. ಹಳೇ ಕಾಲದ್ದರಲ್ಲಿ ಸಿಲಿಕೇಟ್, ಫಾಸ್ಫೇಟ್‌ನಂಥ ಲವಣಗಳಿರುತ್ತವೆ. ಲೋಹದ ಮೇಲೆ ಬೇಗ ಒಂದು ಪದರ ಕಟ್ಟುತ್ತವೆ, ಬೇಗ ಖರ್ಚಾಗುತ್ತವೆ. ಎರಡು ವರ್ಷಕ್ಕೆ ಬದಲಿಸಲೇಬೇಕು. ಹೊಸ ಕಾಲದ್ದರಲ್ಲಿ ಸಾವಯವ ಆಮ್ಲಗಳ ಲವಣಗಳಿರುತ್ತವೆ. ಐದು ವರ್ಷ ಬಾಳುತ್ತವೆ, ಆದರೆ ನಿಧಾನವಾಗಿ ಕೆಲಸ ಮಾಡುತ್ತವೆ. ಸದಾ ತುಂಬಿರುವ, ಗಾಳಿ ಸೇರದ, ಅಲ್ಯುಮಿನಿಯಂ ರೇಡಿಯೇಟರಿನ ಹೊಸ ಗಾಡಿಗಳಿಗೆ ಅವು ಹೇಳಿಮಾಡಿಸಿದ ಹಾಗಿವೆ. ಸೀಸದ ಬೆಸುಗೆ, ಹಳೆ ಸೀಲು, ಮೇಲಿನ ಟ್ಯಾಂಕಿನಲ್ಲಿ ಸದಾ ಒಂದಿಷ್ಟು ಗಾಳಿ ಇರುವ ನಮ್ಮ ಗಾಡಿಗೆ ನನ್ನ ಆಯ್ಕೆ ಹಳೇ ಜಾತಿಯದೇ. ಐದು ವರ್ಷದ ಆಸೆಗೆ ನಾನು ಬೀಳಲಿಲ್ಲ. ಎರಡನ್ನೂ ಬೆರೆಸೋದಂತೂ ಬೇಡವೇ ಬೇಡ. ಒಂದರ ಶಕ್ತಿ ಇನ್ನೊಂದು ಕೆಡಿಸುತ್ತದೆ, ಕೆಲವು ಸಲ ಒಳಗೇ ಗಟ್ಟಿಯಾಗಿ ಕೂರುತ್ತದೆ.

ಎಷ್ಟು ಬೆರೆಸಬೇಕು? ಅರ್ಧಕ್ಕರ್ಧ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಅದು ಮೈನಸ್ 37 ಡಿಗ್ರಿಯವರೆಗೂ ಹೆಪ್ಪುಗಟ್ಟದ ಮಿಶ್ರಣ. ಲಡಾಖಿಗೆ ಬೇಕು, ತುಮಕೂರಿಗೆ ಬೇಡ. ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ನೀರಿಗೆ ಸಮ ಯಾವುದೂ ಇಲ್ಲ. ಕೂಲೆಂಟಿನ ಮುಖ್ಯ ದ್ರವವಾದ ಗ್ಲೈಕಾಲ್ ಜಾಸ್ತಿಯಾದಷ್ಟೂ ಆ ಶಕ್ತಿ ಕುಗ್ಗುತ್ತದೆ. ಹಾಗಂತ ತೀರಾ ಕಮ್ಮಿ ಹಾಕಿದರೆ ತುಕ್ಕು ತಡೆಯುವ ರಸಾಯನವೇ ಸಾಲದು. ಒಂದು ಪಾಲು ಕೂಲೆಂಟಿಗೆ ಎರಡು ಪಾಲು ನೀರು ನಮ್ಮ ಹವೆಗೆ ಸರಿಹೋಗುತ್ತದೆ. ಕುದಿಯುವ ಬಿಂದುವೂ ಒಂದಿಷ್ಟು ಏರುತ್ತದೆ. ಎತ್ತರದ ಊರಿಗೆ ಅದೂ ಬೇಕು. ತುಮಕೂರಿನಲ್ಲೇ ಬರೀ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ, ದೇವರಾಯನದುರ್ಗದ ಮೇಲೆ ಇನ್ನೂ ಬೇಗ. ಎಂಜಿನ್ ಅತಿ ಕಷ್ಟಪಡುವ ಏರಿನಲ್ಲೇ ನೀರು ಬೇಗ ಕುದಿಯುತ್ತದೆ ಅನ್ನೋದು ಈ ಹಳೆ ಗಾಡಿಗಳ ಹಣೆಬರಹ.

ಬೆರೆಸುವ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಬೇಕು. ಕೂಲೆಂಟಿನ ಫಾಸ್ಫೇಟ್ ಗಡಸು ನೀರಿನ ಸುಣ್ಣದ ಜೊತೆ ಸೇರಿದರೆ ತಳಕ್ಕೆ ಕೂರುತ್ತದೆ, ದುಡ್ಡು ಕೊಟ್ಟು ಹಾಕಿದ ರಕ್ಷಣೆಯೇ ಕಸವಾಗುತ್ತದೆ. ಬರೀ ಡಿಸ್ಟಿಲ್ಡ್ ವಾಟರ್ ಸಾಕಲ್ವಾ ಅಂತ ಮೇಸ್ತ್ರಿ ಕೇಳಿದರು. ಸಾಲದು. ಸುಣ್ಣ ಕೂರಲ್ಲ, ಆದರೆ ಕಬ್ಬಿಣಕ್ಕೆ ತುಕ್ಕು ಹಿಡಿಯೋದು ತಪ್ಪಲ್ಲ. ನೀರಿನ ಶುದ್ಧಿ ಒಂದು ಕೆಲಸ ಮಾಡಿದರೆ, ರಸಾಯನ ಇನ್ನೊಂದು ಮಾಡುತ್ತದೆ.

ತುಂಬುವಾಗ ಒಂದು ಕ್ರಮ ಪಾಲಿಸಿದೆವು. ಎಷ್ಟೇ ಬಿಟ್ಟರೂ ತೊಳೆದ ನೀರು ಒಂದಿಷ್ಟು ಬ್ಲಾಕಿನ ಮೂಲೆಯಲ್ಲಿ ಉಳಿದೇ ಇರುತ್ತದೆ. ಅದಕ್ಕೇ ಕೊನೆಯ ಸಲ ತೊಳೆದದ್ದು ಡಿಸ್ಟಿಲ್ಡ್ ವಾಟರಿನಲ್ಲಿ. ರೆಡಿಮೇಡ್ ಬೆರೆಸಿದ್ದನ್ನು ತಂದರೆ ಆ ಉಳಿದ ನೀರಿನಿಂದ ಅದು ಇನ್ನೂ ತೆಳುವಾಗುತ್ತದೆ. ಹಾಗಾಗಿ ಗಟ್ಟಿ ಕೂಲೆಂಟ್ ತಂದು, ಲೆಕ್ಕದ ಪಾಲನ್ನು ಮೊದಲು ಸುರಿದು, ಮೇಲೆ ಡಿಸ್ಟಿಲ್ಡ್ ವಾಟರಿನಿಂದ ತುಂಬಿದೆವು. ಹೀಟರ್ ಇರುವ ಗಾಡಿಯಾದರೆ ಅದರ ವಾಲ್ವ್ ತೆರೆದಿಡಬೇಕು. ರೇಡಿಯೇಟರ್ ಕ್ಯಾಪ್ ಹಾಕದೆ ಎಂಜಿನ್ ಸ್ಟಾರ್ಟ್ ಮಾಡಿ, ಹೋಸನ್ನು ಕೈಯಿಂದ ಅದುಮುತ್ತಾ ಬಂದರೆ ಸಿಕ್ಕಿಕೊಂಡ ಗಾಳಿ ಗುಳುಗುಳು ಅಂತ ಹೊರಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಬೇಕು.

ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದು, ಬಿಸಿಯಾದ ಮೇಲೆ ಬಾಯಿ ತೆರೆಯುವ ವಾಲ್ವ್ ಥರ್ಮೋಸ್ಟಾಟ್. ಅದರ ಬಗ್ಗೆ ಮೇಸ್ತ್ರಿಗೂ ನನಗೂ ಸ್ವಲ್ಪ ಜಟಾಪಟಿಯಾಯಿತು. ನಮ್ಮ ಕಡೆ ಹೀಟ್ ಆಗುವ ಗಾಡಿಗೆ ಮೊದಲ ಮದ್ದು ಅಂದರೆ ಥರ್ಮೋಸ್ಟಾಟ್ ಕಿತ್ತು ಬಿಸಾಕೋದು. ನಮ್ಮ ಗಾಡಿಯಲ್ಲೂ ಅದು ಇರಲಿಲ್ಲ. ಅದಿಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಆಯಿಲಿನಲ್ಲಿ ಸೇರಿದ ನೀರಿನಂಶ ಆರುವುದಿಲ್ಲ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. "ಹೊಸದು ಹಾಕಿ, ಸಿಕ್ಕಿಹಾಕ್ಕೊಂಡ್ರೆ ನನ್ನ ಕರೀಬೇಡಿ" ಅಂದರು. ಬಾಣಲೆಯ ಕುದಿನೀರಿನಲ್ಲಿ ಹೊಸ ಥರ್ಮೋಸ್ಟಾಟ್ ಇಳಿಬಿಟ್ಟು, ಅದು ಬಾಯಿ ತೆರೆಯುವುದನ್ನು ಅವರಿಗೆ ತೋರಿಸಿದ ಮೇಲೆ ಅವರೇ ಕೂರಿಸಿದರು.

ಕೂಲೆಂಟ್ ಇನ್ನು ಮುಂದೆ ಚರಂಡಿಗೆ ಚೆಲ್ಲುವ ಹಾಗಿಲ್ಲ. ಎಥಿಲಿನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಬೀದಿನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಹಾಳಾಗಿ ಸಾಯುತ್ತವೆ. ಮಕ್ಕಳಿಗೂ ಅಷ್ಟೇ ವಿಷ. ದೊಡ್ಡಮ್ಮ ದಿನಾ ಅನ್ನ ಹಾಕುವ ನಾಯಿ ಆ ಶೆಡ್ಡಿನಲ್ಲೇ ಮಲಗುತ್ತದೆ. ಹಾಗಾಗಿ ಕೆಳಗೆ ಚೆಲ್ಲಿದ್ದ ನಾಲ್ಕು ಹನಿಯನ್ನೂ ಮಣ್ಣು ಹಾಕಿ ಬಳಿದು ತೆಗೆದೆ. ಉಳಿದ ಡಬ್ಬಿ ಬೀರುವಿನಲ್ಲಿ ಬೀಗದೊಳಗಿದೆ.

ಮುಂದಿನ ವಾರ ದೊಡ್ಡಮ್ಮನನ್ನೂ ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೋದೆವು. ಎರಡನೇ ಗೇರಿನಲ್ಲಿ ಏರಿದರೂ ಮುಳ್ಳು ನಡುವೆಯೇ ನಿಂತಿತ್ತು. ವಾಪಸ್ ಬಂದು, ಎಂಜಿನ್ ಆರಿದ ಮೇಲೆ ಕ್ಯಾಪ್ ತೆಗೆದು ನೋಡಿದರೆ ಹಸಿರು ಕೂಲೆಂಟ್ ಹಸಿರಾಗೇ ಇತ್ತು, ಮಟ್ಟ ಮಾತ್ರ ಬೆರಳಗಲ ಇಳಿದಿತ್ತು. ವಾಟರ್ ಪಂಪಿನ ಕೆಳಗೆ ಒಂದು ಒದ್ದೆ ಗೆರೆ ಇತ್ತು. ಸೀಲು ಸೋರುತ್ತಿದೆ. ಅಲ್ಲಿಂದ ಹನಿ ಹೊರಬರುವುದಷ್ಟೇ ಅಲ್ಲ, ಗಾಳಿಯೂ ಒಳಗೆ ಹೋಗುತ್ತದೆ, ಮತ್ತೆ ತುಕ್ಕಿಗೆ ದಾರಿ. ಪಂಪ್ ಕಿಟ್‌ಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದಕ್ಕೆ ಹೇಳಿಟ್ಟಿದ್ದೇನೆ. ಅದು ಬರುವವರೆಗೆ ಮಟ್ಟ ಇಳಿದರೆ ಸುರಿಯಲು ಅದೇ ಅಳತೆಯಲ್ಲಿ ಬೆರೆಸಿದ ಒಂದು ಬಾಟಲಿ ಡಿಕ್ಕಿಯಲ್ಲಿದೆ. ದೊಡ್ಡಮ್ಮನಿಗೂ ಹೇಳಿದ್ದೇನೆ, ಯಾರೇ ಬಂದು ಬಾನೆಟ್ ತೆಗೆದರೂ ಬೋರ್ ನೀರು ಮಾತ್ರ ಕೊಡಬೇಡಿ ಅಂತ.