ಹಸಿರು ಚೀಟಿ ಕಟ್ಟಿದ ಹುಡುಗ

ಆ ಹುಡುಗ ತಾನೇ ನಡೆದುಕೊಂಡು ಬಂದ. ಉಸಿರಾಟ ಸರಿಯಿತ್ತು, ಕೇಳಿದ್ದಕ್ಕೆ ಉತ್ತರ ಕೊಟ್ಟ. ಹಸಿರು ಚೀಟಿ ಕಟ್ಟಿ, ಅಂದರೆ ಇವನು ಕಾಯಬಲ್ಲ ಅಂತ ಗುರುತು ಮಾಡಿ, ಮುಂದಿನವನ ಹತ್ತಿರ ಹೋದೆ.

ನಾನು ಕುಮಟಾ ಕಡೆಯವನು. ವಿಶಾಖಪಟ್ಟಣದಲ್ಲಿ ನೌಕಾಪಡೆಯ ಮೆಡಿಕಲ್ ಅಸಿಸ್ಟೆಂಟ್ ಆಗಿದ್ದೆ. ಇದು 2021ರ ಕೊನೆಗೆ ನಡೆದ ಒಂದು ಅಭ್ಯಾಸದ ಮಾತು. ಆ ವರ್ಷ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ನಂಗಾಲಾ ಜಲಾಂತರ್ಗಾಮಿ ಬಾಲಿ ಹತ್ತಿರ ಮುಳುಗಿತ್ತು. ಮುಳುಗಿದ ಜಲಾಂತರ್ಗಾಮಿಯಿಂದ ಜನರನ್ನು ಕಾಪಾಡುವ ನಮ್ಮ ಡಿಎಸ್‌ಆರ್‌ವಿಯನ್ನು ವಿಶಾಖಪಟ್ಟಣದಿಂದಲೇ ಹಡಗಿಗೆ ಏರಿಸಿ ಕಳಿಸಿದ್ದರು. ಅದು 650 ಮೀಟರ್ ಆಳಕ್ಕೆ ಇಳಿದು, ಒಂದು ಸಲಕ್ಕೆ 14 ಜನರನ್ನು ಮೇಲೆ ತರುವ ವಾಹನ. ನಂಗಾಲಾ ಸಿಕ್ಕಿದ್ದು 800 ಮೀಟರಿಗೂ ಕೆಳಗೆ, ತುಂಡುತುಂಡಾಗಿ. ಒಳಗಿದ್ದ 53 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಮೇಲೆ ಯಾವ ಅಭ್ಯಾಸವನ್ನೂ ನಮಗೆ ಸುಮ್ನೆ ಅಭ್ಯಾಸ ಅಂದುಕೊಳ್ಳಲು ಆಗುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಜೆಟ್ಟಿ ಮೇಲೆ 20 ಹುಡುಗರು. ಮುಳುಗಿದ ಬೋಟಿನಿಂದ, ಅಂದರೆ ಜಲಾಂತರ್ಗಾಮಿಯಿಂದ, ತಪ್ಪಿಸಿಕೊಂಡು ಮೇಲೆ ಬಂದವರು ಅಂತ ಲೆಕ್ಕ. ಪೈಪಿನಲ್ಲಿ ನೀರು ಹಾಕಿ ಎಲ್ಲರನ್ನೂ ನೆನೆಸಿದ್ದರು. ಯಾರಿಗೆ ಎಷ್ಟನೇ ನಿಮಿಷಕ್ಕೆ ಏನಾಗಬೇಕು ಅಂತ ಬರೆದ ಕಾಗದ ಅವರವರ ಜೇಬಿನಲ್ಲಿ. ಒತ್ತಡ ಏರಿಸಿ ಚಿಕಿತ್ಸೆ ಕೊಡುವ ರಿಕಂಪ್ರೆಷನ್ ಚೇಂಬರಿನಲ್ಲಿ ಇದ್ದದ್ದು ಆರೇ ಜಾಗ.

ಏಳನೇ ನಿಮಿಷಕ್ಕೆ ಆ ಹುಡುಗ ಕರೆದ. ವಿಜಯಪುರದವನು. ನಾನು ಕನ್ನಡದವನು ಅಂತ ಗೊತ್ತಿತ್ತು.

"ಅಣ್ಣಾರ, ಬೆರಳು ಜುಮ್ ಅನ್ನಾಕತ್ತಾವ್ರಿ."

"ಚಳಿಗೆ ಹಾಗಾಗ್ತದೆ ಮಾರಾಯ, ಕಂಬಳಿ ಹೊದ್ದುಕೋ" ಅಂದೆ. ಪಕ್ಕದಲ್ಲಿ ಕಾಲು ಮುರಿದವನು ಜೋರಾಗಿ ಕೂಗುತ್ತಿದ್ದ. ಅವನ ಕಾಲಿಗೆ ಪಟ್ಟಿ ಕಟ್ಟುತ್ತಾ ಕೂತೆ.

ಇಪ್ಪತ್ತೆರಡನೇ ನಿಮಿಷಕ್ಕೆ ತಿರುಗಿ ನೋಡಿದರೆ ಅವನು ಮಾತಿಲ್ಲದೆ ಒರಗಿದ್ದ. ಬಲಗೈ ಕಂಬಳಿಯಿಂದ ಹೊರಗೆ ಜೋತು ಬಿದ್ದಿತ್ತು. ಚೇಂಬರಿನ ಆರೂ ಜಾಗ ತುಂಬಿಹೋಗಿ, ಬಾಗಿಲು ಹಾಕಿ, ಒತ್ತಡ ಏರಿಸಲು ಶುರು ಮಾಡಿದ್ದರು. ಜೇಬಿನ ಕಾಗದದಲ್ಲಿ ಇದ್ದದ್ದು: ಮೇಲೆ ಬರುವಾಗ ಉಸಿರು ಹಿಡಿದಿದ್ದ, ಗಾಳಿ ಮೆದುಳಿಗೆ ಹೋಗಿದೆ.

ಬಸ್ಸು ಉರುಳಿದ ಕಡೆ ನಡೆದು ಬಂದವನಿಗೆ ಹಸಿರು ಕಟ್ಟಬಹುದು. ಇಲ್ಲಿ ಅದನ್ನೇ ನಂಬಿ ಕೂರಲು ಆಗುವುದಿಲ್ಲ. ನೀರಿನಲ್ಲಿ ಹತ್ತು ಮೀಟರ್ ಆಳದಿಂದ ಮೇಲೆ ಬಂದರೇ ಎದೆಯೊಳಗಿನ ಗಾಳಿ ಎರಡರಷ್ಟಾಗುತ್ತದೆ. ಅದನ್ನು ಬಿಡದೆ ಹಿಡಿದರೆ ಶ್ವಾಸಕೋಶ ಹರಿದು ಗಾಳಿ ರಕ್ತಕ್ಕೆ ಸೇರುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಕೈಕಾಲು, ಮಾತು, ಪ್ರಜ್ಞೆ, ಯಾವುದಾದರೂ ಕೆಡುತ್ತದೆ. ಇನ್ನೊಂದು ಕಾಯಿಲೆ ನಿಧಾನದ್ದು. ಬೋಟಿಗೆ ನೀರು ನುಗ್ಗಿದಾಗ ಒಳಗಿನ ಗಾಳಿಯ ಒತ್ತಡ ಏರಿ, ನೈಟ್ರೋಜನ್ ಮೈಯೊಳಗೆ ಇಳಿದಿರುತ್ತದೆ. ಮೇಲೆ ಬಂದ ಮೇಲೆ ಅದು ಗುಳ್ಳೆಯಾಗುತ್ತದೆ. ಗಂಟೆಗಟ್ಟಲೆ ಬಿಟ್ಟೂ ಕಾಣಿಸಬಹುದು. ಎರಡಕ್ಕೂ ಮದ್ದು ಒಂದೇ, ಚೇಂಬರಿನ ಒತ್ತಡ ಮತ್ತು ಆಮ್ಲಜನಕ. ಮುರಿದ ಕಾಲು ಎಷ್ಟು ನೋವು ಕೊಟ್ಟರೂ ಚೇಂಬರಿಗೆ ಕಾಯಬಲ್ಲದು, ಜುಮ್ ಅನ್ನುವ ಬೆರಳು ಕಾಯುವುದಿಲ್ಲ. ಪುಸ್ತಕದಲ್ಲಿ ಇಷ್ಟೂ ಓದಿದ್ದೆ. ಆದರೂ ಕೂಗಿದವನ ಕಡೆಗೇ ಹೋದೆ ಅಲ್ವಾ, ಅದು ಇವತ್ತಿಗೂ ಚುಚ್ಚುತ್ತದೆ.

ನಮ್ಮ ಡಾಕ್ಟರ್ ಸಾಹೇಬರು ಬೈಯಲಿಲ್ಲ. ಚೀಟಿ ಬಿಚ್ಚಿ ನನ್ನ ಕೈಗೆ ಕೊಟ್ಟು, "ಇದರ ಮೇಲೆ ಸಮಯ ಎಲ್ಲಿ?" ಅಂತ ಹಿಂದಿಯಲ್ಲಿ ಕೇಳಿದರು. ನಾನು ಬಣ್ಣ ಒಂದನ್ನೇ ಕಟ್ಟಿದ್ದೆ. ಎಷ್ಟು ಹೊತ್ತಿಗೆ ನೋಡಿದೆ, ಮತ್ತೆ ಯಾವಾಗ ನೋಡಬೇಕು, ಏನೂ ಬರೆದಿರಲಿಲ್ಲ.

ಊಟ ಆದ ಮೇಲೆ ಮತ್ತೆ ಮಾಡಿಸಿದರು. ಒದ್ದೆ ಚೀಟಿಯ ಮೇಲೆ ಪೆನ್ನು ಹರಡುತ್ತದೆ, ಹಾಗಾಗಿ ಪೆನ್ಸಿಲ್‌ಗೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡೆ. ಮೊದಲು ನೋಡಬೇಕಾದ ಕೆಂಪು, ಹಳದಿ ಚೀಟಿಯವರು ಮುಗಿದ ಕೂಡಲೇ ಹಸಿರಿನವರ ಸಾಲಿಗೆ ಹೋದೆ. ಎರಡೂ ಕೈಯಲ್ಲಿ ನನ್ನ ಬೆರಳು ಹಿಂಡು, ಕಣ್ಣು ಮುಚ್ಚಿ ಮೂಗು ಮುಟ್ಟು, ಊರಿನ ಹೆಸರು ಹೇಳು. ಸಮಯ ಬರೆದು ಮುಂದಿನವನು. ಸಾಲು ಮುಗಿದರೆ ಮತ್ತೆ ಮೊದಲಿನಿಂದ.

ವಿಜಯಪುರದ ಹುಡುಗನ ಚೀಟಿಯಲ್ಲಿ ನಾಲ್ಕು ಸಲ ಸಮಯ ಬಿತ್ತು. ಐದನೇ ಸಲ ನಾನು ಬಾಯಿ ತೆರೆಯುವ ಮೊದಲೇ ಅವನು ಎರಡೂ ಕೈ ಮುಂದೆ ಚಾಚಿದ.

"ಹಿಡೀರಿ ಅಣ್ಣಾರ."