ಗೇಮಿಂಗ್ ಪಿಸಿ: ಭಾಗ ಕೂತರೆ ಸಾಲದು, ಒಗ್ಗಬೇಕು

ಮದರ್‌ಬೋರ್ಡಿನ ಸಾಕೆಟ್‌ನಲ್ಲಿ ಕೂರದ ಪ್ರೊಸೆಸರ್‌ನಿಂದ ದೊಡ್ಡ ತೊಂದರೆಯಿಲ್ಲ. ಕೂರುವುದಿಲ್ಲ ಅಂತ ಕೈಗೇ ಗೊತ್ತಾಗುತ್ತದೆ, ಬದಲಾಯಿಸಿಕೊಂಡು ಬರಬಹುದು. ನಿಜವಾದ ತಲೆನೋವು ಎಂದರೆ ನೆಟ್ಟಗೆ ಕೂತು, ಆನ್ ಆಗಿ, ಗೇಮ್ ಕೂಡ ಓಡಿಸಿ, ಒಳಗೊಳಗೇ ಅರ್ಧ ವೇಗದಲ್ಲಿ ಕೆಲಸ ಮಾಡುವ ಭಾಗಗಳು. ಯಾವ ಎರರ್ ಮೆಸೇಜೂ ಬರುವುದಿಲ್ಲ. ಹಾಗಾಗಿ ಗೇಮಿಂಗ್ ಪಿಸಿಯನ್ನು ನೀವೇ ಜೋಡಿಸಲು ಭಾಗಗಳ ಪಟ್ಟಿ ಮಾಡುವಾಗ ಈ ಎರಡನೇ ಜಾತಿಯ ತಪ್ಪುಗಳ ಮೇಲೇ ಹೆಚ್ಚು ಕಣ್ಣಿಡಿ.

ಆಯ್ಕೆ ಮಾನಿಟರ್‌ನಿಂದ ಶುರುವಾಗಲಿ. 1080ಪಿ, 240 ಹರ್ಟ್ಸ್ ಆದರೆ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ, 4ಕೆ ಆದರೆ ಗ್ರಾಫಿಕ್ಸ್ ಕಾರ್ಡ್ ಮೇಲೆ. ಮೊದಲು ಮಾನಿಟರ್, ಅದಕ್ಕೆ ತಕ್ಕ ಕಾರ್ಡ್, ಕಾರ್ಡಿಗೆ ತಕ್ಕ ಪ್ರೊಸೆಸರ್, ಆಮೇಲೆ ಉಳಿದದ್ದು.

ಈಗ ಸಿಗುವ ಸಾಕೆಟ್‌ಗಳ ಲೆಕ್ಕ ಸರಳ. ಎಎಂಡಿಯ ಎಎಂ5 ಸಾಕೆಟ್‌ಗೆ ರೈಜನ್ 7000, 8000 ಮತ್ತು 9000 ಸರಣಿ ಕೂರುತ್ತವೆ, ರ್‍ಯಾಮ್ ಡಿಡಿಆರ್5 ಮಾತ್ರ. ಇಂಟೆಲ್‌ನ ಎಲ್‌ಜಿಎ 1700ಕ್ಕೆ 12, 13, 14ನೇ ತಲೆಮಾರು. ಇಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ, ಹೆಸರು ಹೆಚ್ಚುಕಡಿಮೆ ಒಂದೇ ಇರುತ್ತದೆ. ಕೋರ್ ಅಲ್ಟ್ರಾ 200 ಸರಣಿಯ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಎಲ್‌ಜಿಎ 1851, ಅದರಲ್ಲಿ ಮತ್ತೆ ಡಿಡಿಆರ್5 ಮಾತ್ರ.

ಸಾಕೆಟ್ ಸರಿಯಿದ್ದರೂ ಬಯಾಸ್ (ಬೋರ್ಡನ್ನು ಎಬ್ಬಿಸುವ ಅದರದೇ ತಂತ್ರಾಂಶ) ಹಳೆಯದಿದ್ದರೆ ಪರದೆ ಕಪ್ಪಗೇ ಇರುತ್ತದೆ. ರೈಜನ್ 9000 ಬರುವ ಮೊದಲೇ ತಯಾರಾಗಿ ಗೋದಾಮಿನಲ್ಲಿ ಕೂತ ಎಎಂ5ರ ಬಿ650 ಬೋರ್ಡಿಗೆ ಆ ಚಿಪ್ಪಿನ ಪರಿಚಯವೇ ಇರುವುದಿಲ್ಲ. ಬೋರ್ಡ್ ತಯಾರಕರ ಸೈಟಿನಲ್ಲಿ ಪ್ರೊಸೆಸರ್ ಬೆಂಬಲದ ಪಟ್ಟಿ ಇರುತ್ತದೆ. ಅದರಲ್ಲಿ ಪ್ರತಿ ಚಿಪ್ಪಿನ ಎದುರು ಕನಿಷ್ಠ ಯಾವ ಬಯಾಸ್ ಆವೃತ್ತಿ ಬೇಕು ಅಂತ ಬರೆದಿರುತ್ತಾರೆ. ಬೋರ್ಡಿನ ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಮಾಡಬಹುದು. ಪೆನ್‌ಡ್ರೈವ್ ಅನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ಕೈಪಿಡಿಯಲ್ಲಿ ಹೇಳಿದ ಹೆಸರನ್ನೇ ಫೈಲಿಗೆ ಕೊಟ್ಟು, ಗುರುತು ಹಾಕಿದ ಯುಎಸ್‌ಬಿ ಪೋರ್ಟಿಗೇ ಚುಚ್ಚಬೇಕು. ಹೊಸಬರಿಗೆ ಈ ಬಟನ್ ಇಲ್ಲದ ಬೋರ್ಡ್ ಬೇಡ ಅನ್ನುವುದು ನನ್ನ ಸಲಹೆ.

ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರವನ್ನೂ ನೋಡಿ. ಇಂಟೆಲ್‌ನಲ್ಲಿ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಕೆಟ್ಟ ದಿನ ಪರೀಕ್ಷೆ ಮಾಡಲು ಬೇರೆ ದಾರಿ ಇರುವುದಿಲ್ಲ. ಇದಕ್ಕಿಂತ ಮೋಸದ್ದು ಒಳಗೇ ದೊಡ್ಡ ಗ್ರಾಫಿಕ್ಸ್ ಇರುವ ಎಎಂಡಿಯ 'ಜಿ' ಚಿಪ್ಪುಗಳು. ರೈಜನ್ 5 5600ಜಿ ಹಾಕಿದರೆ ಹಳೆಯ ಎಎಂ4 ಸಾಕೆಟ್ಟಿನ ಬಿ550 ಬೋರ್ಡಿನ ಕಾರ್ಡ್ ಸ್ಲಾಟ್ ಪಿಸಿಐಇ (ಕಾರ್ಡನ್ನು ಪ್ರೊಸೆಸರ್‌ಗೆ ಜೋಡಿಸುವ ದಾರಿ) 4.0 ಇಂದ 3.0ಕ್ಕೆ ಇಳಿಯುತ್ತದೆ. ರೈಜನ್ 5 8600ಜಿ ಕಾರ್ಡಿಗೆ ಕೊಡುವುದು ಹದಿನಾರರ ಬದಲು ಎಂಟೇ ಲೇನ್ (ಆ ದಾರಿಯ ಪಥ), 8500ಜಿ ಆದರೆ ನಾಲ್ಕೇ. ಮುಂದೆ ದೊಡ್ಡ ಕಾರ್ಡ್ ಹಾಕಿಕೊಳ್ಳೋಣ ಅಂತ ಇವನ್ನು ಕೊಳ್ಳುವವರು ಆ 'ಮುಂದೆ'ಯನ್ನೇ ಕಟ್ಟಿಹಾಕಿಕೊಂಡಿರುತ್ತಾರೆ. ಕಾರ್ಡುಗಳಲ್ಲೂ ಇಂಥವಿವೆ: ಆರ್‌ಟಿಎಕ್ಸ್ 4060 ಬಳಸುವುದು ಎಂಟು ಲೇನ್, ಆರ್‌ಎಕ್ಸ್ 6500 ಎಕ್ಸ್‌ಟಿ ನಾಲ್ಕು. 4.0 ಬೋರ್ಡಿನಲ್ಲಿ ಚಿಂತೆಯಿಲ್ಲ, ಹಳೆಯ 3.0 ಬೋರ್ಡಿನಲ್ಲಿ ಎರಡನೆಯದು ಚೆನ್ನಾಗಿಯೇ ಏಟು ತಿನ್ನುತ್ತದೆ.

ರ್‍ಯಾಮ್ ವಿಷಯದಲ್ಲಿ ದುಡ್ಡು ಸದ್ದಿಲ್ಲದೆ ಸೋರುವಷ್ಟು ಬೇರೆಲ್ಲೂ ಸೋರುವುದಿಲ್ಲ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್, ಆದರೆ ಅಂಚಿನ ಕಚ್ಚು ಬೇರೆ ಜಾಗದಲ್ಲಿದೆ, ಒತ್ತಿ ಕೂರಿಸಲು ಹೋಗಬೇಡಿ. ಎರಡು ಸ್ಟಿಕ್ ಇರುವ ಒಂದೇ ಕಿಟ್ ತಗೊಳ್ಳಿ. ನಾಲ್ಕು ಸ್ಲಾಟ್‌ನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಪಕ್ಕಪಕ್ಕದಲ್ಲಿ ಒಂದು, ಎರಡು ಅಂತ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಹೋಗಿ ಬ್ಯಾಂಡ್‌ವಿಡ್ತ್ ಅರ್ಧವಾಗುತ್ತದೆ. ಇಷ್ಟಾದ ಮೇಲೆ ಬಯಾಸ್‌ನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ (ಬರೆದ ವೇಗವನ್ನು ಪೂರ್ತಿ ಕೊಡಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ 6000 ಅಂತ ಬರೆದ ರ್‍ಯಾಮ್ ಎಷ್ಟೋ ಸಲ 4800ರಲ್ಲೇ ವರ್ಷಗಟ್ಟಲೆ ಓಡುತ್ತಿರುತ್ತದೆ.

ಎಎಂ5ಗೆ ವೇಗ 6000, ಸಿಎಲ್30 (ವಿಳಂಬದ ಅಳತೆ) ಇರುವ 16 ಜಿಬಿಯ ಎರಡು ಸ್ಟಿಕ್ ಕಣ್ಣುಮುಚ್ಚಿ ಕೊಳ್ಳಬಹುದಾದ ಆಯ್ಕೆ. ಇನ್ನೆರಡು ಸ್ಟಿಕ್ ಆಮೇಲೆ ಸೇರಿಸಿಕೊಳ್ಳೋಣ ಅನ್ನುವ ಹಳೆಯ ಡಿಡಿಆರ್3 ಕಾಲದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ರೈಜನ್ 7000ದಲ್ಲಿ ನಾಲ್ಕು ಸ್ಟಿಕ್‌ಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ 3600. 64 ಜಿಬಿ ಬೇಕೇಬೇಕು ಅಂದರೆ ಮೊದಲೇ 32ರ ಎರಡು ತಗೊಳ್ಳಿ. ಮತ್ತೊಂದು ಮಾತು, ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ರ್‍ಯಾಮ್ ಅನ್ನು ಪಳಗಿಸಿಕೊಳ್ಳುತ್ತದೆ. ಕೆಲವು ನಿಮಿಷ ಪರದೆಯಲ್ಲಿ ಏನೂ ಬರುವುದಿಲ್ಲ. ಸತ್ತೇಹೋಯಿತು ಅಂತ ನಡುವೆ ಕರೆಂಟ್ ತೆಗೆದರೆ ಅದು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ, ಸುಮ್ಮನೆ ಕಾಯಿರಿ.

ಎಸ್‌ಎಸ್‌ಡಿಗೆ ಎಂ.2 ಸ್ಲಾಟ್ (ಬೋರ್ಡಿಗೇ ನೇರವಾಗಿ ಚುಚ್ಚುವ ಜಾಗ) ಇದ್ದರಾಯಿತು ಅನ್ನಬೇಡಿ. ಕೆಲವು ಬೋರ್ಡುಗಳಲ್ಲಿ ಎರಡನೇ ಅಥವಾ ಮೂರನೇ ಎಂ.2 ತುಂಬಿದರೆ ಕೇಬಲ್ಲಿನಿಂದ ಡಿಸ್ಕ್ ಜೋಡಿಸುವ ಎರಡು ಸಾಟಾ ಪೋರ್ಟು ಸತ್ತುಹೋಗುತ್ತವೆ, ಇನ್ನು ಕೆಲವದರಲ್ಲಿ ಗ್ರಾಫಿಕ್ಸ್ ಸ್ಲಾಟ್ ಹದಿನಾರರಿಂದ ಎಂಟು ಲೇನ್‌ಗೆ ಇಳಿಯುತ್ತದೆ. ಇದು ಬರೆದಿರುವುದು ಕೈಪಿಡಿಯ ಅಡಿಟಿಪ್ಪಣಿಯಲ್ಲಿ, ಡಬ್ಬಿಯ ಮೇಲಲ್ಲ.

ಕ್ಯಾಬಿನೆಟ್ ಅಳೆಯುವಾಗ ಕಳೆಯುವ ಲೆಕ್ಕ ಮರೆಯಬೇಡಿ. ಕಾರ್ಡಿಗೆ 360 ಮಿ.ಮೀ. ಜಾಗ ಅಂತ ಬರೆದ ಕ್ಯಾಬಿನೆಟ್ಟಿನ ಮುಂಭಾಗಕ್ಕೆ ನೀರಿನ ಕೂಲರಿನ ರೇಡಿಯೇಟರ್ ಹಾಕಿದಿರಿ ಅನ್ನಿ. ರೇಡಿಯೇಟರ್ 27, ಫ್ಯಾನ್ 25, ಒಟ್ಟು 52 ಹೋಗಿ ಉಳಿಯುವುದು 308. ಮೂರು ಫ್ಯಾನಿನ ಕಾರ್ಡುಗಳು ಬಹಳಷ್ಟು ಇದಕ್ಕಿಂತ ಉದ್ದ. ಏರ್ ಕೂಲರ್ ಆದರೆ ಎತ್ತರ ನೋಡಿ: ದೊಡ್ಡ ಜೋಡಿ ಗೋಪುರದವು 165 ಮಿ.ಮೀ. ಆಸುಪಾಸು. ಮುಂದಿನ ಫ್ಯಾನ್ ಎತ್ತರದ ರ್‍ಯಾಮ್ ಮೇಲೆ ಕೂತರೆ ಅದನ್ನು ಇನ್ನಷ್ಟು ಮೇಲಕ್ಕೆ ಸರಿಸಬೇಕು, ಆಗ ಪಕ್ಕದ ಗಾಜು ಮುಚ್ಚುವುದಿಲ್ಲ. ಎಎಂ4ರ ಹಳೆಯ ಕೂಲರ್ ಎಎಂ5ಗೂ ಬರುತ್ತದೆಯೇ? ಬೋರ್ಡಿನದೇ ಬ್ಯಾಕ್‌ಪ್ಲೇಟ್ (ಹಿಂಬದಿಯಲ್ಲಿ ಹಿಡಿದಿಡುವ ತಗಡು) ಬಳಸುವುದಾದರೆ ಬರುತ್ತದೆ. ತನ್ನದೇ ಬ್ಯಾಕ್‌ಪ್ಲೇಟ್ ಬೇಕೆನ್ನುವುದಾದರೆ ಹೊಸ ಕಿಟ್ ತರಿಸದೆ ಬರುವುದಿಲ್ಲ, ಏಕೆಂದರೆ ಎಎಂ5ರಲ್ಲಿ ಸಾಕೆಟ್ಟನ್ನು ಹಿಡಿದಿರುವುದೂ ಬೋರ್ಡಿನ ಆ ಪ್ಲೇಟೇ.

ಪವರ್ ಸಪ್ಲೈಗೆ ಬರೀ ಕೂಡುವ ಲೆಕ್ಕ ಸಾಲದು. ಆರ್‌ಟಿಎಕ್ಸ್ 5070 ತಿನ್ನುವುದು 250 ವ್ಯಾಟ್, ರೈಜನ್ 7 7800ಎಕ್ಸ್3ಡಿಯ ಗರಿಷ್ಠ ಮಿತಿ 162, ಉಳಿದದ್ದಕ್ಕೆ 80 ಅಂದರೂ ಐನೂರು ದಾಟುವುದಿಲ್ಲ. ಆದರೂ 650 ಬೇಕು, 750 ಇದ್ದರೆ ನೆಮ್ಮದಿ. ಕಾರ್ಡು ಮಿಲಿಸೆಕೆಂಡುಗಳ ಕಾಲ ತನ್ನ ಮಿತಿಗಿಂತ ತುಂಬಾ ಮೇಲಕ್ಕೆ ಜಿಗಿಯುತ್ತದೆ, ಆ ಜಿಗಿತಕ್ಕೆ ಸಪ್ಲೈ ಹೆದರಿದರೆ ಗೇಮಿನ ಮಧ್ಯೆ ಪಿಸಿ ದಿಢೀರನೆ ಆಫ್. ಎಂಟು ಪಿನ್ನಿನ ಕೇಬಲ್‌ಗಳಲ್ಲಿ ಪ್ರೊಸೆಸರ್‌ನದು 4+4, ಕಾರ್ಡಿನದು 6+2, ಎರಡೂ ಬೇರೆ. ಹದಿನಾರು ಪಿನ್ನಿನ ಹೊಸ ಕನೆಕ್ಟರ್ ಆದರೆ ಒಂದು ಕೂದಲೆಳೆಯೂ ಸಂದಿ ಕಾಣದ ಹಾಗೆ ಪೂರ್ತಿ ಒತ್ತಿ, ಬುಡದಿಂದ 35 ಮಿ.ಮೀ. ತನಕ ವೈರು ಬಗ್ಗಿಸಬೇಡಿ. ಅರೆಬರೆ ಕೂತ ಪ್ಲಗ್ಗು ಬಿಸಿಯಾಗಿ ಕರಗಬಹುದು. ಹಳೆಯ ಸಪ್ಲೈಯ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ಕೇಬಲ್ ಹೊಸದಕ್ಕೆ ಹಾಕುವುದಂತೂ ಬೇಡವೇ ಬೇಡ. ಆಕಾರ ಒಂದೇ ಇದ್ದರೂ ಪಿನ್ನುಗಳ ಕ್ರಮಕ್ಕೆ ಯಾವ ಮಾನದಂಡವೂ ಇಲ್ಲ, ಮೊದಲು ಸುಡುವುದು ಡಿಸ್ಕುಗಳು.

ಬಣ್ಣದ ದೀಪಗಳಲ್ಲೂ ಎರಡು ಜಾತಿ: ಮೂರು ಪಿನ್ನಿನ 5 ವೋಲ್ಟ್, ನಾಲ್ಕು ಪಿನ್ನಿನ 12 ವೋಲ್ಟ್. 5 ವೋಲ್ಟಿನ ದೀಪವನ್ನು 12ಕ್ಕೆ ಚುಚ್ಚಿದರೆ ಸುಟ್ಟುಹೋಗುತ್ತದೆ. ಕ್ಯಾಬಿನೆಟ್ಟಿನ ಮುಂದಿನ ಟೈಪ್-ಸಿಗೆ ಬೋರ್ಡಿನಲ್ಲಿ ಪ್ರತ್ಯೇಕ ಹೆಡರ್ (ಕೇಬಲ್ ಚುಚ್ಚುವ ಜಾಗ) ಇದೆಯೇ ಅಂತಲೂ ನೋಡಿಕೊಳ್ಳಿ.

ಎಲ್ಲವನ್ನೂ ಕ್ಯಾಬಿನೆಟ್ಟಿಗೆ ಇಳಿಸುವ ಮೊದಲು ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದು ಸ್ಟಿಕ್ ಮಾತ್ರ ಹಾಕಿ ಬಯಾಸ್ ತನಕ ಬರುತ್ತದಾ ನೋಡಿ. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡೂ ಬೇಕು. ವಿಂಡೋಸ್ ಬಂದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ರ್‍ಯಾಮ್ ವೇಗ, ಜಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ಕಾರ್ಡಿನ ಲೇನ್ ಎಷ್ಟಿದೆ ಅಂತ ಪರೀಕ್ಷಿಸಿ. ಕಾರ್ಡು ಖಾಲಿ ಕೂತಾಗ ಪಿಸಿಐಇ 1.1 ಅಂತ ತೋರಿಸಿದರೆ ಗಾಬರಿ ಬೇಡ, ಅದು ವಿದ್ಯುತ್ ಉಳಿಸುತ್ತಿದೆ. ಅಲ್ಲೇ ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಲೋಡ್ ಕೊಟ್ಟು ನೋಡಿ. ಹದಿನಾರು ಲೇನ್ ಇರಬೇಕಾದ ಕಾರ್ಡು ಆಗಲೂ ಎಂಟಕ್ಕೇ ನಿಂತಿದ್ದರೆ, ಕಾರ್ಡನ್ನು ತೆಗೆದು ಮತ್ತೆ ಕೂರಿಸಿ, ಎರಡನೇ ಎಸ್‌ಎಸ್‌ಡಿಯನ್ನು ಬೇರೆ ಸ್ಲಾಟ್‌ಗೆ ಬದಲಾಯಿಸಿ ನೋಡಿ.